ವಿದ್ಯುತ್ ಸ್ಕೂಟರ್: ಕೊಳ್ಳುವ ಮುನ್ನ ದಾರಿಯ ಲೆಕ್ಕ



ವಿದ್ಯುತ್ ಸ್ಕೂಟರ್ ನಮ್ಮ ತೋಟದ ದಾರಿಗಳಿಗೆ ಒಗ್ಗೀತೇ ಎಂದು ಸಂಘದ ಕಛೇರಿಗೆ ಬರುವ ಅನೇಕರು ವಿಚಾರಿಸುತ್ತಿದ್ದಾರೆ. ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆಂದು ಕಲಬುರಗಿಗೆ ಹೋಗಿದ್ದಾಗ ಕಂಡದ್ದನ್ನು ಹೇಳಿದರೆ ಉತ್ತರ ದೊರೆತೀತು.

ನಮ್ಮ ಅಳಿಯಂದಿರು ಕಮಲಾಪುರದಲ್ಲಿ ಉಪಾಧ್ಯಾಯರು. ಕೆಂಪು ಬಾಳೆಗೆ ಹೆಸರಾದ ಆ ಊರು ಹುಮನಾಬಾದ್ ರಸ್ತೆಯಲ್ಲಿದೆ. ಹೋಗಿಬರುವುದಕ್ಕೆ ಸುಮಾರು 75 ಕಿ.ಮೀ. ಅವರ ಸ್ಕೂಟರಿನ ಬ್ಯಾಟರಿ 3 ಯೂನಿಟ್ ಹಿಡಿಯುತ್ತದೆ. ಜಾಹೀರಾತಿನಂತೆ 120 ಕಿ.ಮೀ. ಓಡಬೇಕು, ಓಡುವುದು 90. ಆದ್ದರಿಂದ ಹಗಲು ಕಮಲಾಪುರದ ಪರಿಚಿತರ ಅಂಗಡಿಯಲ್ಲಿ ಚಾರ್ಜಿಗೆ ಹಾಕುತ್ತಾರೆ. ಒಂದು ದಿನ ತಡವಾಯಿತೆಂದು ಬೆಳಿಗ್ಗೆ ವೇಗವಾಗಿ ಹೋಗಿದ್ದರು. ಅಂದೇ ಅಲ್ಲಿ ಕರೆಂಟು ಇರಲಿಲ್ಲ. ಸಂಜೆ ಕತ್ತಲಾದರೂ ಮನೆಗೆ ಬಾರದಿರಲು ಮಗಳು ಬಾಗಿಲಲ್ಲೇ ನಿಂತಿದ್ದಳು. ಎಂಟು ಗಂಟೆಗೆ ಬಂದವರು, "ಮೂವತ್ತರ ಮ್ಯಾಲ ಓಡಸಲಿಲ್ರಿ ಮಾವಾರ, ಅದಕ್ಕ ಮನಿ ಮುಟ್ಟೀನಿ" ಎಂದರು.

ಕಾರಣ ಸರಳ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ನಿಧಾನವಾಗಿ ಹೋದಷ್ಟೂ ದೂರ ಹೆಚ್ಚು.

ಅಲ್ಲಿಯದು ಬಹುಮಟ್ಟಿಗೆ ಬಯಲು. ನಮ್ಮಲ್ಲಿ ಏರು. ಸವಾರನೂ ಸೇರಿ 200 ಕಿಲೋ ತೂಕದ ಗಾಡಿ 500 ಮೀಟರ್ ಎತ್ತರ ಏರಲು, ಮೋಟಾರಿನ ನಷ್ಟವೂ ಸೇರಿ, ಸುಮಾರು ಮೂರನೇ ಒಂದು ಯೂನಿಟ್ ಬೇಕು. ಅಂದರೆ 10 ಕಿ.ಮೀ. ಓಟ ಅಲ್ಲೇ ಕಳೆಯಿತು. ಇಳಿಜಾರಿನಲ್ಲಿ ಕೆಲವು ಗಾಡಿಗಳು ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತವೆ, ಎಲ್ಲವನ್ನೂ ಅಲ್ಲ.

ಖರ್ಚಿನಲ್ಲಿ ಲಾಭ ನಿಜ. 100 ಕಿ.ಮೀ. ಓಟಕ್ಕೆ ಗೋಡೆಯ ಪ್ಲಗ್ಗಿನಿಂದ ಸುಮಾರು 4 ಯೂನಿಟ್. ಯೂನಿಟ್ಟಿಗೆ 7 ರೂ. ಹಿಡಿದರೂ 28 ರೂ. ಲೀಟರಿಗೆ 50 ಕಿ.ಮೀ. ಕೊಡುವ ಗಾಡಿಗೆ ಪೆಟ್ರೋಲು 200 ರೂ. ಮೀರುತ್ತದೆ. ಆದರೆ ಬ್ಯಾಟರಿ ಬದಲಿಸುವ ಖರ್ಚು ದೊಡ್ಡದು. ಗ್ಯಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ. ಎಂಬುದನ್ನು ಬರಹದಲ್ಲಿ ಪಡೆಯಿರಿ.

ಇನ್ನು ಕೆಲವು ಎಚ್ಚರಿಕೆಗಳು. ಅರ್ತಿಂಗ್ ಸರಿಯಿರುವ ಪ್ಲಗ್ಗಿನಲ್ಲೇ ಚಾರ್ಜಿಗೆ ಹಾಕಿರಿ. ಪಂಪ್‌ಸೆಟ್ಟಿನ ಸಂಪರ್ಕವನ್ನು ಇದಕ್ಕೆ ಬಳಸುವುದು ನಿಯಮಬಾಹಿರ. ಬಿಸಿಲಿನಲ್ಲಿ ಓಡಿ ಬಂದ ಗಾಡಿ ಆರಿದ ಮೇಲೆಯೇ ಚಾರ್ಜಿಗೆ ಹಾಕುವುದು ಬ್ಯಾಟರಿಗೆ ಹಿತ. ಗಂಟೆಗೆ 25 ಕಿ.ಮೀ. ಮೀರದ, 250 ವಾಟಿಗಿಂತ ಕಡಿಮೆ ಶಕ್ತಿಯ ಚಿಕ್ಕ ಗಾಡಿಗಳಿಗೆ ನೋಂದಣಿ, ಲೈಸೆನ್ಸ್ ಬೇಡ. ಉಳಿದವಕ್ಕೆ ಎರಡೂ ಬೇಕು.

ನನ್ನ ಸಲಹೆ ಇಷ್ಟೆ. ನಿಮ್ಮ ಅತಿ ದೂರದ ದಿನದ ಓಡಾಟಕ್ಕೆ ಅದರ ಅರ್ಧದಷ್ಟು ಸೇರಿಸಿ. ಗಾಡಿ ನಿಮ್ಮ ಏರಿನಲ್ಲೇ ಅಷ್ಟು ದೂರ ಓಡಿದರೆ ಕೊಳ್ಳಿರಿ. ತೋಟದಿಂದ ಸಂಘಕ್ಕೆ, ಬ್ಯಾಂಕಿಗೆ, ಡೈರಿಗೆ 20-30 ಕಿ.ಮೀ. ತಿರುಗುವವರಿಗೆ ಇದು ಧಾರಾಳ ಸಾಕು. ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದು ನಮಗೆ ಹೊಸತಲ್ಲ. ರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಕೈಕೊಡಬಾರದು. ಆದ್ದರಿಂದ ಮನೆಯ ಹಳೆಯ ಪೆಟ್ರೋಲ್ ಬೈಕನ್ನು ಒಂದು ಮಳೆಗಾಲ ಕಳೆಯುವವರೆಗಾದರೂ ಮಾರಬೇಡಿ.

— ಕಾರ್ಯದರ್ಶಿ