ಬೆವರಲ್ಲಿ ಉಪ್ಪು, ಮೂತ್ರದಲ್ಲಿ ಕಲ್ಲು

ಪ್ರಶ್ನೆ: ಮಗನಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಮೂತ್ರಪಿಂಡದಲ್ಲಿ ಕಲ್ಲೂ ಆಗಬಹುದು ಅಂತಾರೆ, ನಿಜವೇ?
– ಓದುಗರೊಬ್ಬರು, ಮೂಡಲಗಿ

ಉತ್ತರ: ನಿಜ ತಾಯಿ, ಉಳಿದವರಿಗಿಂತ ಹೆಚ್ಚು. ನಿಮ್ಮ ಗೋಕಾಕದ ಕರದಂಟನ್ನೇ ನೋಡಿ: ತುಪ್ಪದಲ್ಲಿ ಹುರಿದ ಅಂಟು, ಬಾದಾಮಿ, ಗೋಡಂಬಿ. ಬಾದಾಮಿ, ಗೋಡಂಬಿಯಲ್ಲಿ ಆಕ್ಸಲೇಟ್ ಇದೆ. ಕರುಳಿನಲ್ಲಿ ಕ್ಯಾಲ್ಸಿಯಂ ಅದನ್ನು ಹಿಡಿದು ಮಲದೊಂದಿಗೆ ಸಾಗಹಾಕುತ್ತದೆ. ಈ ಕಾಯಿಲೆಯಲ್ಲಿ ಮೇದೋಜೀರಕ ಗ್ರಂಥಿಯ ರಸ ಸಾಲದೆ ತುಪ್ಪದ ಜಿಡ್ಡು ಅರಗದಿದ್ದರೆ, ಆ ಜಿಡ್ಡೇ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ. ಬಿಡಿಯಾಗಿ ಉಳಿದ ಆಕ್ಸಲೇಟ್ ರಕ್ತ ಸೇರಿ, ಮೂತ್ರಕ್ಕಿಳಿದು ಕಲ್ಲಾಗುತ್ತದೆ. ಆಕ್ಸಲೇಟ್ ತಿನ್ನುವ ಕರುಳಿನ ಬ್ಯಾಕ್ಟೀರಿಯಾ ಈ ಕಾಯಿಲೆಗೆ ಕೊಡುವ ಆಂಟಿಬಯಾಟಿಕ್‌ಗೆ ಸಾಯುವುದೂ ಉಂಟು. ಹಾಗಂತ ಔಷಧ ನಿಲ್ಲಿಸಬೇಡಿ. ನಿಮ್ಮ ಕಡೆಯ ಬೇಸಿಗೆಯಲ್ಲಿ ಬೆವರೊಂದಿಗೆ ಉಪ್ಪು, ನೀರು ಹೋಗಿ ಮೂತ್ರ ಗಾಢವಾದರೆ ಅಪಾಯ ಇನ್ನೂ ಹೆಚ್ಚು.

ಕಲ್ಲಿನ ಭಯಕ್ಕೆ ಕ್ಯಾಲ್ಸಿಯಂ ಕೊಡುವ ಹಾಲು, ಮೊಸರು ಮಾತ್ರ ಬಿಡಿಸಬೇಡಿ. ಜಿಡ್ಡು ಅರಗಿಸುವ ಎನ್‌ಜೈಮ್ ಮಾತ್ರೆ ಊಟದ ಜೊತೆಗೇ ಇರಲಿ. ನೀರು, ಉಪ್ಪು ಎಷ್ಟೆಂದು ವೈದ್ಯರನ್ನು ಕೇಳಿ.