ಹೆಡ್ ಹೊಸದು, ಕಾವು ಹಳೆಯದೇ

ಮನೆಯಂಗಳದಲ್ಲೇ ಹೆಡ್ ಕೂರಿಸಿದ ಮೇಲೂ ಎಂಜಿನ್ ಕಾಯುತ್ತಿದೆಯೇ? ದಿಂಬಂ ಘಾಟಿ ಏರುವ ಮುನ್ನ ನೋಡಬೇಕಾದ್ದು ಬಹಳವಿದೆ

ತಾಳವಾಡಿ: ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎಂಜಿನ್ ಬಿಚ್ಚಿ, ಬೇರೆ ಹೆಡ್ ತಂದು ಕೂರಿಸಿ, ಬೋಲ್ಟ್ ಬಿಗಿದು, ನೀರು ತುಂಬಿಸಿ ಚಾಲೂ ಮಾಡಿದ್ದಾಯಿತು. ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ. ಬಣ್ಣಾರಿ ದಾಟಿ ಘಾಟಿ ಹತ್ತಿದ ನಾಲ್ಕೈದು ತಿರುವಿಗೆ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ‘ಹೆಡ್ಡೇ ಹೊಸದು ಹಾಕಿದ್ದೀವಲ್ಲ, ಮತ್ಯಾಕೆ ಕಾಯ್ತದೆ?’ ಎಂಬ ಪ್ರಶ್ನೆ ಆಗ ಶುರುವಾಗುತ್ತದೆ.

ತಾಳವಾಡಿ ಸೀಮೆಯಲ್ಲಿ ಇದು ಬರೀ ಗಾಡಿಯ ಮಾತಲ್ಲ, ಹೊಟ್ಟೆಪಾಡಿನ ಮಾತು. ಇಲ್ಲಿಯ ಕೋಸು, ಟೊಮೆಟೊ, ಆಲೂಗಡ್ಡೆ ಮಾರುಕಟ್ಟೆ ಸೇರಬೇಕಾದರೆ ಒಂದೋ ಚಾಮರಾಜನಗರದ ಕಡೆಗೆ ಹೋಗಬೇಕು, ಇಲ್ಲವೇ ದಿಂಬಂ ಇಳಿದು ಸತ್ಯಮಂಗಲದ ಕಡೆಗೆ ಹೋಗಬೇಕು. ಚಿಕ್ಕ ಗೂಡ್ಸ್ ಗಾಡಿ ಇಟ್ಟುಕೊಂಡ ಮನೆಗಳಿಗೆ ಎಂಜಿನ್ ಒಂದು ವಾರ ನಿಂತರೆ ವಾರದ ಬಾಡಿಗೆಯೂ ಹೋಯಿತು, ಬ್ಯಾಂಕಿನ ಕಂತೂ ನಿಂತಿತು. ದೊಡ್ಡ ವರ್ಕ್‌ಶಾಪಿನ ಕೂಲಿಗೆ ಹೆದರಿ, ಸ್ಪ್ಯಾನರ್ ಹಿಡಿದು ಗೊತ್ತಿರುವವರು ಹೆಡ್ ಕೆಲಸಕ್ಕೆ ತಾವೇ ಕೈ ಹಾಕುವುದು ಈ ಕಾರಣಕ್ಕೇ.

ಘಾಟಿಯೇ ಪರೀಕ್ಷೆ

ಬಣ್ಣಾರಿಯಿಂದ ದಿಂಬಂವರೆಗೆ 27 ತಿರುವುಗಳು. ತರಕಾರಿ ಹೇರಿಕೊಂಡು ಇಳಿಯುವಾಗ ಎಂಜಿನ್ ಮೇಲೆ ಅಷ್ಟು ಭಾರ ಬೀಳದು, ದೋಷ ಇದ್ದರೂ ಅಡಗಿರುತ್ತದೆ. ವಾಪಸು ಬರುವಾಗ ಗೊಬ್ಬರವೋ ಸಿಮೆಂಟೋ ತುಂಬಿಕೊಂಡು ಎರಡನೇ ಗೇರಿನಲ್ಲಿ ಏರುವಾಗಲೇ ನಿಜ ಬಯಲಾಗುವುದು. ಗಾಡಿಯ ವೇಗ ಕಡಿಮೆ, ಎದುರುಗಾಳಿ ಇಲ್ಲ, ಎಂಜಿನ್ ಮಾತ್ರ ಪೂರ್ತಿ ದುಡಿಯುತ್ತಿರುತ್ತದೆ.

ಎತ್ತರವೂ ಒಂದು ಕಾರಣ. ದಿಂಬಂ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಪ್ರತಿ 300 ಮೀಟರ್ ಏರಿದಂತೆ ನೀರು ಸುಮಾರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ. ಅಂದರೆ ಘಾಟಿಯ ತಲೆಯಲ್ಲಿ ತೆರೆದಿಟ್ಟ ನೀರು 96-97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಭದ್ರವಾಗಿದ್ದು 0.9 ಬಾರ್ ಒತ್ತಡ ತಡೆದುಕೊಂಡರೆ ಈ ಕುದಿಬಿಂದು ಸುಮಾರು 20 ಡಿಗ್ರಿ ಮೇಲೇರುತ್ತದೆ. ಮುಚ್ಚಳದ ರಬ್ಬರ್ ಹರಿದಿದ್ದರೆ ಆ 20 ಡಿಗ್ರಿಯ ರಕ್ಷಣೆಯೇ ಇಲ್ಲ. ಹೆಡ್ಡಿಗೆ ಸಾವಿರಗಟ್ಟಲೆ ಸುರಿದವರು ಕಡಿಮೆ ಬೆಲೆಯ ಈ ಮುಚ್ಚಳವನ್ನು ಮರೆಯುವುದುಂಟು.

ಕೆಟ್ಟು ನಿಲ್ಲುವ ಜಾಗವೂ ಒಳ್ಳೆಯದಲ್ಲ. ಇದು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ನಡುವಿನ ದಾರಿ. ಆನೆ ಓಡಾಡುವ ಕಾಡು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಸಂಜೆ ಹೊತ್ತಿಗೆ ತಿರುವಿನಲ್ಲಿ ಹೊಗೆಯಾಡುತ್ತ ನಿಂತ ಗಾಡಿ ತನಗೂ ಕಷ್ಟ, ಹಿಂದಿನವರಿಗೂ ಕಷ್ಟ.

ಮೊದಲ ಶಂಕೆ ಗಾಳಿಯ ಮೇಲೆ

ಹೆಡ್ ಬಿಚ್ಚಿದಾಗ ಎಂಜಿನ್ನಿನ ನೀರೆಲ್ಲ ಹೊರಬಂದಿರುತ್ತದೆ. ಮತ್ತೆ ತುಂಬಿಸುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಅದೇ ‘ಏರ್ ಲಾಕ್’. ಹೆಡ್ಡಿನ ಮೇಲ್ಭಾಗದಲ್ಲಿ ನೀರಿನ ಬದಲು ಹಬೆ ನಿಲ್ಲುತ್ತದೆ. ಥರ್ಮೋಸ್ಟಾಟಿಗೆ ಬಿಸಿನೀರು ತಾಗದೆ ಅದು ಬಾಯಿ ತೆರೆಯುವುದಿಲ್ಲ. ಕಾವು ಅಳೆಯುವ ಸೆನ್ಸರ್ ಗಾಳಿಯಲ್ಲಿ ನಿಂತರೆ ಮುಳ್ಳು ಒಮ್ಮೆ ಏರಿ ಒಮ್ಮೆ ಇಳಿದು ಆಟವಾಡುತ್ತದೆ.

ಇದನ್ನು ಪತ್ತೆ ಮಾಡಲು ಸುಲಭ ಲೆಕ್ಕವೊಂದಿದೆ. ಗಾಡಿಯ ಪುಸ್ತಕದಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂದು ಬರೆದಿರುತ್ತದೆ. ಪೂರ್ತಿ ಖಾಲಿ ಮಾಡಿದ ಎಂಜಿನ್ 6 ಲೀಟರ್ ಹಿಡಿಯಬೇಕಾದಲ್ಲಿ 4 ಲೀಟರಿಗೇ ತುಂಬಿ ತುಳುಕಿದರೆ, ಉಳಿದ 2 ಲೀಟರ್ ಜಾಗದಲ್ಲಿ ಗಾಳಿಯೇ ಕೂತಿದೆ ಎಂದರ್ಥ.

ಗಾಳಿ ತೆಗೆಯುವ ಕ್ರಮ ಹೀಗೆ. ಎಂಜಿನ್ ತಣ್ಣಗಿರುವಾಗ ಗಾಡಿಯ ಮುಂಭಾಗ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಬೇಕು. ಹೀಟರ್ ಇದ್ದರೆ ಬಿಸಿಯ ಕಡೆಗೆ ತಿರುಗಿಸಬೇಕು. ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಬೇಕು. ಕೂಲಂಟನ್ನು ನಿಧಾನವಾಗಿ ಸುರಿಯುತ್ತ, ಮೇಲಿನ ಹೋಸನ್ನು ಕೈಯಲ್ಲಿ ಹಿಚುಕುತ್ತಿರಬೇಕು. ತಿರುಪಿನಿಂದ ಗುಳ್ಳೆಯಿಲ್ಲದ ನೀರು ಬಂದ ಮೇಲೆ ಅದನ್ನು ಬಿಗಿದು, ಮುಚ್ಚಳ ತೆರೆದಿಟ್ಟೇ ಎಂಜಿನ್ ಚಾಲೂ ಮಾಡಬೇಕು. ಥರ್ಮೋಸ್ಟಾಟ್ ತೆರೆದಾಗ ಮಟ್ಟ ದಿಢೀರನೆ ಇಳಿಯುತ್ತದೆ. ಮತ್ತೆ ತುಂಬಿಸಿ ಮುಚ್ಚಳ ಹಾಕಬೇಕು. ಎಂಜಿನ್ ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ಮಟ್ಟ ನೋಡಬೇಕು. ಕೆಲವು ಗಾಡಿಗಳಿಗೆ ಎರಡು ಮೂರು ಸಲ ಹೀಗೆ ಮಾಡಬೇಕಾಗುತ್ತದೆ.

ಯಾವಾಗ ಕಾಯುತ್ತದೆ ಎಂಬುದೇ ಸುಳಿವು

ಗಾಳಿ ತೆಗೆದ ಮೇಲೂ ಕಾವು ಇಳಿಯದಿದ್ದರೆ ಕಂಡಕಂಡದ್ದನ್ನು ಬಿಚ್ಚುವ ಬದಲು ಯಾವಾಗ ಕಾಯುತ್ತದೆ ಎಂದು ಗಮನಿಸಬೇಕು.

ನಿಂತಾಗ ಕಾದು, ರಸ್ತೆಯಲ್ಲಿ ಓಡುವಾಗ ತಣ್ಣಗಾದರೆ ತಪ್ಪು ಫ್ಯಾನಿನದು. ಬೆಲ್ಟ್ ಸಡಿಲ ಇರಬಹುದು, ಎಲೆಕ್ಟ್ರಿಕ್ ಫ್ಯಾನಿನ ಕನೆಕ್ಟರ್ ಮತ್ತೆ ಸಿಕ್ಕಿಸಲು ಮರೆತಿರಬಹುದು. ವಯರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿರಬಹುದು. ಜಾಗ ಸಾಲದೆಂದು ಬಿಚ್ಚಿಟ್ಟ ಫ್ಯಾನಿನ ಸುತ್ತಲ ಮರೆ ಶೆಡ್ಡಿನಲ್ಲೇ ಉಳಿದಿರಬಹುದು. ಆ ಮರೆ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವುದಿಲ್ಲ, ಅಕ್ಕಪಕ್ಕದ ಬಿಸಿಗಾಳಿಯನ್ನೇ ತಿರುಗಿಸುತ್ತದೆ.

ನಿಂತಾಗ ಸರಿಯಿದ್ದು, ಏರಿನಲ್ಲಿ, ವೇಗದಲ್ಲಿ ಕಾದರೆ ರೇಡಿಯೇಟರ್ ಕಟ್ಟಿರುವ ಸಂಭವ ಹೆಚ್ಚು. ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಗಟ್ಟಲೆ ಸುರಿದರೆ ಪಾತ್ರೆಯ ತಳದಲ್ಲಿ ಕಟ್ಟುವಂತೆ ಕೊಳವೆಗಳಲ್ಲೂ ಸುಣ್ಣದ ಪದರ ಕಟ್ಟುತ್ತದೆ. ಸೋರಿಕೆ ನಿಲ್ಲಿಸಲೆಂದು ಹಿಂದೆ ಹಾಕಿದ ಪುಡಿಯೂ ಅಲ್ಲೇ ಕೂತಿರುತ್ತದೆ. ಎಂಜಿನ್ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ರೇಡಿಯೇಟರಿನ ಮೇಲ್ಮೈಗೆ ಕೈ ಹತ್ತಿರ ಹಿಡಿದರೆ ಕಟ್ಟಿದ ಭಾಗ ತಣ್ಣಗಿರುವುದು ಗೊತ್ತಾಗುತ್ತದೆ. ವಾಟರ್ ಪಂಪಿನ ರೆಕ್ಕೆ ತುಕ್ಕು ಹಿಡಿದು ಸವೆದಿದ್ದರೂ, ಕೆಳಗಿನ ಹೋಸ್ ಮೆತ್ತಗಾಗಿ ವೇಗದಲ್ಲಿ ಒಳಕ್ಕೆ ಅಪ್ಪಚ್ಚಿಯಾದರೂ ಇದೇ ಲಕ್ಷಣ.

ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ರೇಡಿಯೇಟರಿನಲ್ಲಿ ನಿಲ್ಲದೆ ಗುಳ್ಳೆ ಬಂದರೆ, ನೀರು ಹೊರಕ್ಕೆ ಚಿಮ್ಮಿದರೆ ಅದು ಏರ್ ಲಾಕ್ ಅಲ್ಲ. ಸಿಲಿಂಡರಿನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ. ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗುವುದು ಇದರ ಜೊತೆಗಾರರು. ರೇಡಿಯೇಟರ್ ಬಾಯಿಗೆ ಹಿಡಿದು ನೋಡುವ ನೀಲಿ ದ್ರವದ ಪರೀಕ್ಷೆಯೊಂದಿದೆ. ಸುಟ್ಟ ಗ್ಯಾಸ್ ತಾಗಿದರೆ ದ್ರವದ ಬಣ್ಣ ಬದಲಾಗುತ್ತದೆ. ಹಾಗಾದಲ್ಲಿ ಹೆಡ್ ಮತ್ತೆ ಇಳಿಸದೆ ದಾರಿಯಿಲ್ಲ.

ಹೆಡ್ ಕೂರಿಸುವಲ್ಲಿ ಆಗುವ ಎಡವಟ್ಟು

ಲೇತಿಗೆ ಒಯ್ಯದೆ ಹೆಡ್ ಕೂರಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಮ್ಮೆ ಕಾದ ಹೆಡ್, ಅದರಲ್ಲೂ ಅಲ್ಯೂಮಿನಿಯಂ ಹೆಡ್, ಬಾಗಿರುತ್ತದೆ. ಸೆಕೆಂಡ್‌ಹ್ಯಾಂಡ್ ಹೆಡ್ ತಂದವರಿಗಂತೂ ಅದು ಎಷ್ಟು ಸಲ ಕಾದಿದೆಯೋ ಗೊತ್ತಿರುವುದಿಲ್ಲ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ಚಿಕ್ಕ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.05 ಮಿ.ಮೀ. ಎಲೆ ಕೂಡ ನುಸುಳಬಾರದು. ಹೆಡ್ಡನ್ನಷ್ಟೇ ಅಲ್ಲ, ಕೆಳಗಿನ ಬ್ಲಾಕನ್ನೂ ಹೀಗೇ ನೋಡಬೇಕು. ವಾಲ್ವುಗಳ ನಡುವಿನ ಕೂದಲೆಳೆಯಂಥ ಬಿರುಕು ಕಣ್ಣಿಗೆ ಕಾಣದು. ಅದಕ್ಕೆ ಲೇತಿನವರ ಪ್ರೆಶರ್ ಟೆಸ್ಟೇ ಆಗಬೇಕು.

ಎರಡನೆಯದು ಗ್ಯಾಸ್ಕೆಟ್. ಹಿಂದುಮುಂದು ಅಥವಾ ಮೇಲುಕೆಳಗು ಆದರೆ ನೀರಿನ ತೂತುಗಳು ಮುಚ್ಚಿಹೋಗುತ್ತವೆ. ಇನ್ನು ಕೆಲವರು, ಹೆಡ್ಡಿನ ತೂತು ದೊಡ್ಡದು, ಗ್ಯಾಸ್ಕೆಟ್ಟಿನದು ಚಿಕ್ಕದು ಎಂದು ತಾವೇ ಕೊರೆದು ದೊಡ್ಡದು ಮಾಡುತ್ತಾರೆ. ಇದು ಕೂಡದು. ನೀರು ಮುಂದಿನ ಸಿಲಿಂಡರಿನಲ್ಲೇ ಅಡ್ಡದಾರಿ ಹಿಡಿಯದೆ ಹಿಂದಿನ ಸಿಲಿಂಡರಿಗೂ ತಲುಪಲಿ ಎಂದೇ ಆ ತೂತುಗಳನ್ನು ಅಳೆದು ಚಿಕ್ಕದಾಗಿ ಬಿಟ್ಟಿರುತ್ತಾರೆ. ಹಲವು ಡೀಸೆಲ್ ಎಂಜಿನ್‌ಗಳಿಗೆ ಗ್ಯಾಸ್ಕೆಟ್ ಎರಡು ಮೂರು ದಪ್ಪಗಳಲ್ಲಿ ಬರುತ್ತದೆ. ಅಂಚಿನ ಕಚ್ಚು ಅಥವಾ ತೂತುಗಳ ಸಂಖ್ಯೆಯೇ ಅದರ ಗುರುತು. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಆಗ ಕನ್ನಡವೋ ತಮಿಳೋ, ಭಾಷೆಯ ಗೊಂದಲವೂ ಇಲ್ಲ.

ಮೂರನೆಯದು ಬೋಲ್ಟ್. ಬಿಗಿಯುವುದು ನಡುವಿನಿಂದ ಹೊರಗೆ, ಬಿಚ್ಚುವುದು ಹೊರಗಿನಿಂದ ನಡುವಿಗೆ. ಒಂದೇ ಸಲಕ್ಕೆ ಅಲ್ಲ, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದ, ಪುಸ್ತಕದಲ್ಲಿ ಹೇಳಿದಷ್ಟೇ. ಕೈ ಅಂದಾಜು ಇಲ್ಲಿ ನಡೆಯದು. ಹೊಸ ಕಾಲದ ಎಂಜಿನ್‌ಗಳಲ್ಲಿ ಕೊನೆಗೆ ಇಂತಿಷ್ಟು ಡಿಗ್ರಿ ತಿರುಗಿಸಬೇಕೆಂದಿರುತ್ತದೆ. ಅಂಥ ಬೋಲ್ಟ್ ಎಳೆದುಕೊಂಡು ಉದ್ದವಾಗುವ ಜಾತಿಯದು, ಹಳೆಯದನ್ನು ಮತ್ತೆ ಹಾಕಿದರೆ ಹಿಡಿತ ನಿಲ್ಲದು. ಬ್ಲಾಕಿನ ಬೋಲ್ಟ್ ಗುಂಡಿಗಳಲ್ಲಿ ನೀರೋ ಆಯಿಲ್ಲೋ ನಿಂತಿದ್ದರೆ ರೆಂಚ್ ಬಿಗಿಯಾಯಿತು ಎಂದು ಸುಳ್ಳು ಹೇಳುತ್ತದೆ. ಒಮ್ಮೊಮ್ಮೆ ಬ್ಲಾಕೇ ಸೀಳುತ್ತದೆ. ಗಾಳಿ ಹೊಡೆದು ಗುಂಡಿ ಒಣಗಿಸಿಯೇ ಬೋಲ್ಟ್ ಇಳಿಸಬೇಕು.

ವೆಟ್ ಲೈನರ್ ಇರುವ ಟ್ರಾಕ್ಟರ್ ಎಂಜಿನ್‌ಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಲೈನರಿನ ಅಂಚು ಬ್ಲಾಕಿಗಿಂತ ತುಸುವೇ ಮೇಲೆದ್ದಿರಬೇಕು, ಎಲ್ಲ ಸಿಲಿಂಡರಿನಲ್ಲೂ ಒಂದೇ ಸಮ ಇರಬೇಕು. ಒಂದು ಕುಸಿದಿದ್ದರೂ ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ಅಲ್ಲೇ ಸುಡುತ್ತದೆ.

ತೂತು ಮುಚ್ಚಲು ತುರುಕಿದ ಬಟ್ಟೆ ಚೂರು ನೀರಿನ ದಾರಿಯಲ್ಲೇ ಉಳಿಯುವುದು, ಹಿಂಡಿದ ಸಿಲಿಕಾನ್ ಪೇಸ್ಟ್ ಒಳಗೆ ಹೆಪ್ಪುಗಟ್ಟುವುದು ಕೂಡ ಇದ್ದದ್ದೇ. ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದರೂ, ಇಂಧನ ಪಂಪಿನ ಟೈಮಿಂಗ್ ಹಿಂದುಮುಂದಾದರೂ ಎಂಜಿನ್ ಕಾಯುತ್ತದೆ. ಆಗ ಎಳೆತವೂ ಕಡಿಮೆಯಾಗಿರುತ್ತದೆ.

ಥರ್ಮೋಸ್ಟಾಟ್ ಕಿತ್ತೆಸೆಯಬೇಡಿ

‘ನಮ್ಮ ಬಿಸಿಲಿಗೆ ಅದ್ಯಾಕೆ ಬೇಕು, ತೆಗೆದುಹಾಕು’ ಎಂಬ ಸಲಹೆ ಊರೂರಲ್ಲೂ ಸಿಗುತ್ತದೆ. ಆದರೆ ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗಲೇ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ತಂಪಾಗಲೆಂದು ಮಾಡಿದ್ದು ಏರಿನಲ್ಲಿ ಕಾವನ್ನು ಹೆಚ್ಚಿಸುತ್ತದೆ.

ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಹಳೆಯ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿದರೆ, ಮೈಮೇಲೆ ಒತ್ತಿರುವ 82 ಅಥವಾ 88 ಡಿಗ್ರಿಯ ಆಸುಪಾಸಿನಲ್ಲಿ ಅದು ಬಾಯಿ ಬಿಡಬೇಕು. ಕೂರಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ, ಗಾಳಿ ಬಿಡುವ ಸಣ್ಣ ತೂತು ಮೇಲಕ್ಕೆ ಇರಬೇಕು.

ದಾರಿಯಲ್ಲಿ ಕಾದರೆ

ಮುಳ್ಳು ಏರಿದೊಡನೆ ಎ.ಸಿ. ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ತೆರೆದು, ಅಗಲವಾದ ಜಾಗ ಸಿಕ್ಕಲ್ಲಿ ನಿಲ್ಲಿಸಬೇಕು. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಲೇಬಾರದು. ಒತ್ತಡ ಬಿಟ್ಟೊಡನೆ ಕುದಿನೀರು ಮುಖಕ್ಕೇ ಹಾರುತ್ತದೆ. ಅರ್ಧ ಗಂಟೆಯಾದರೂ ಕಾಯಬೇಕು. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿದರೆ ಹೊಸ ಹೆಡ್ಡೂ ಸೀಳು ಬಿಡುತ್ತದೆ. ಆರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕುವುದೇ ಕ್ಷೇಮ. ಊರು ಸೇರಿದ ಮೇಲೆ ಬರೀ ನೀರನ್ನು ತೆಗೆದು, ಕೂಲಂಟಿಗೆ ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿಸಬೇಕು.

ಹೆಡ್ ಕೂರಿಸಿದ ಗಾಡಿಯನ್ನು ಮೊದಲ ದಿನವೇ ಲೋಡ್ ಹೇರಿ ಘಾಟಿಗೆ ಬಿಡಬಾರದು. ಒಂದೆರಡು ದಿನ ಸಮತಟ್ಟಾದ ರಸ್ತೆಯಲ್ಲಿ ಖಾಲಿ ಓಡಿಸಬೇಕು. ಪ್ರತಿ ಬೆಳಿಗ್ಗೆ ತಣ್ಣಗಿರುವಾಗ ನೀರಿನ ಮಟ್ಟ, ಆಯಿಲ್ ಬಣ್ಣ ನೋಡಬೇಕು. ಹಳೆಯ ಮಾದರಿ ಗ್ಯಾಸ್ಕೆಟ್ ಆಗಿದ್ದು, ಪುಸ್ತಕದಲ್ಲಿ ಹೇಳಿದ್ದರೆ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಹೇಳದಿದ್ದರೆ ಮುಟ್ಟಬಾರದು. ಹೊರಗೆ ಎಲ್ಲೂ ಸೋರದೆ ದಿನವೂ ನೀರು ಇಳಿಯುತ್ತಿದ್ದರೆ ಅದು ಎಂಜಿನ್ನಿನ ಒಳಗೇ ಹೋಗುತ್ತಿದೆ. ಅಂಥ ಗಾಡಿ ಲೇತಿಗೆ ಹೋಗಬೇಕೇ ಹೊರತು ಮಾರುಕಟ್ಟೆಗಲ್ಲ. ಒಂದು ದಿನದ ಬಾಡಿಗೆ ಬಿಟ್ಟರೂ ಸರಿ, ಇನ್ನೊಂದು ಹೆಡ್ ಕೊಳ್ಳುವುದು ತಪ್ಪುತ್ತದೆ.