ಕುಂಬಳದ ಹೂವು, ಎಂಟು ಮೀಟರ್ ಹಗ್ಗ

ಕುಂಬಳದ ಬಳ್ಳಿ ಹಬ್ಬಿಸಿದ ಮನೆಗಳಲ್ಲೆಲ್ಲ ಕೇಳಿಬರುವ ದೂರು ಒಂದೇ: ‘ಹೂವೇನೋ ರಾಶಿ ಬಿಡುತ್ತೆ, ಒಂದೂ ಕಾಯಿ ಕಚ್ಚಲ್ಲ.’ ಕೈತೋಟ ಇರುವ ಶಾಲೆಯಲ್ಲಿ ಐದನೇ ತರಗತಿ ಓದುವ ಹುಡುಗಿ ಇದಕ್ಕೆ ಉತ್ತರ ಹೇಳಬಲ್ಲಳು. ಶುರುವಿನಲ್ಲಿ ಅರಳುವುದು ಹೆಚ್ಚಾಗಿ ಗಂಡು ಹೂವು; ಅದು ಉದುರಲೇಬೇಕು. ಆಮೇಲೆ ಬರುವ ಹೆಣ್ಣು ಹೂವಿನ ಬುಡದಲ್ಲಿ ಗೋಲಿ ಗಾತ್ರದ ಪುಟ್ಟ ಕುಂಬಳ ಅರಳುವ ಮೊದಲೇ ಕೂತಿರುತ್ತದೆ. ಜೇನ್ನೊಣ ಸುಳಿಯದಿದ್ದರೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಸವರಬೇಕು. ಬಿಸಿಲೇರಿದರೆ ಹೂವು ಮುದುಡಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಫಲಿತಾಂಶ ಗೊತ್ತಾಗುತ್ತದೆ. ಕಾಯಿ ಉಬ್ಬಿತೋ ಪಾಸು, ಹಳದಿ ತಿರುಗಿ ಉದುರಿತೋ ಫೇಲು. ಪರಾಗಸ್ಪರ್ಶದ ಪಾಠ ಪುಸ್ತಕದಲ್ಲೂ ಇದೆ. ಆದರೆ ಅಲ್ಲಿ ಯಾವ ಕಾಯಿಯೂ ಉದುರುವುದಿಲ್ಲ.

ಶಾಲಾ ಕೈತೋಟ ನಮ್ಮ ಊರುಗಳಿಗೆ ಹೊಸದಲ್ಲ. ಬಾವಿಕಟ್ಟೆಯ ಪಕ್ಕ ನಾಲ್ಕು ಬಾಳೆ, ಒಂದು ನುಗ್ಗೆ, ದಾಸವಾಳದ ಬೇಲಿ ಹಿಂದೆಯೂ ಇದ್ದವು. ಅದಕ್ಕೆ ಹೊಸ ಅರ್ಥ ಬಂದದ್ದು ಶಾಲೆಯೊಳಗೆ ಒಲೆ ಹೊತ್ತಿದ ಮೇಲೆ. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. 2002ರ ಜೂನ್‌ನಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಮರುವರ್ಷ ಉಳಿದೆಡೆಗೂ ಹಬ್ಬಿತು. ಅಡುಗೆಮನೆ ಬಂದ ಮೇಲೆ ಸಾರಿಗೆ ಸೊಪ್ಪು ಬೇಕು, ಒಗ್ಗರಣೆಗೆ ಕರಿಬೇವು ಬೇಕು. ಮಕ್ಕಳೆಲ್ಲ ಕೈ ತೊಳೆದ ನೀರು ಎಲ್ಲಿಗಾದರೂ ಹೋಗಬೇಕು. ಆ ನೀರಿಗೊಂದು ಕಾಲುವೆ ತೋಡಿ ಬಾಳೆಯ ಬುಡಕ್ಕೆ ತಿರುಗಿಸಿದರೆ ತೋಟದ ಮೊದಲ ಅಧ್ಯಾಯ ಮುಗಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಮಿಜೋರಾಂನ ಲಾಂಗ್‌ತ್ಲಾಯ್ ಜಿಲ್ಲಾಡಳಿತ ‘ನನ್ನ ಶಾಲೆ, ನನ್ನ ತೋಟ’ ಎಂಬರ್ಥದ ಆಂದೋಲನ ಹೂಡಿ, ಮಕ್ಕಳ ಅಪೌಷ್ಟಿಕತೆಗೆ ಶಾಲೆಯ ಅಂಗಳದಲ್ಲೇ ಮದ್ದು ಹುಡುಕಲು ಹೊರಟಿತು.

ಹಾಗಂತ ಹಸಿರು ಕಂಡಲ್ಲೆಲ್ಲ ಪಾಠ ನಡೆಯುತ್ತಿದೆ ಎಂದುಕೊಳ್ಳಬೇಕಿಲ್ಲ. ಸಾಹೇಬರು ಭೇಟಿ ಕೊಡುವ ಮುನ್ನಾದಿನ ಇಟ್ಟಿಗೆಗೆ ಸುಣ್ಣ ಬಳಿದು, ಕ್ರೋಟನ್ ಕುಂಡಗಳನ್ನು ಸಾಲಾಗಿ ಜೋಡಿಸಿ, ‘ಮುಟ್ಟಬೇಡಿ’ ಎಂದು ಫಲಕ ನೆಟ್ಟರೆ ಅದು ಅಲಂಕಾರ. ಮಕ್ಕಳು ಮುಟ್ಟಬಾರದ ಗಿಡ ಶಾಲೆಗೆ ಯಾಕೆ? ತೋಟ ತರಗತಿಯಾಗುವುದು ಅದು ವೇಳಾಪಟ್ಟಿಯೊಳಗೆ ಬಂದಾಗ, ಮಣ್ಣು ಮೆತ್ತಿದ ಕೈಯಲ್ಲೇ ನೋಟ್‌ಬುಕ್ ತೆರೆದಾಗ.

ಗಣಿತವನ್ನೇ ನೋಡಿ. ಎಂಟು ಮೀಟರ್ ಹಗ್ಗ, ನಾಲ್ಕು ಗೂಟ ಕೊಟ್ಟು ‘ಮಡಿ ಮಾಡಿ’ ಎಂದರೆ ಒಂದು ಗುಂಪು 3 ಮೀಟರ್ ಉದ್ದ, 1 ಮೀಟರ್ ಅಗಲಕ್ಕೆ ಗೂಟ ಹೊಡೆಯುತ್ತದೆ. ಇನ್ನೊಂದು ಗುಂಪು ಅಷ್ಟೇ ಹಗ್ಗದಲ್ಲಿ 2 ಮೀಟರಿನ ಚೌಕ ಮಾಡುತ್ತದೆ. ಮೊದಲನೆಯದರ ವಿಸ್ತೀರ್ಣ ಮೂರು ಚದರ ಮೀಟರ್, ಎರಡನೆಯದು ನಾಲ್ಕು. ಹಗ್ಗ ಒಂದೇ, ಸೊಪ್ಪು ಮಾತ್ರ ಅವರಿಗೆ ಜಾಸ್ತಿ! ಸುತ್ತಳತೆಯೇ ಬೇರೆ, ವಿಸ್ತೀರ್ಣವೇ ಬೇರೆ ಎಂಬುದು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಕೆಲವರ ತಲೆಗೆ ಇಳಿಯುವುದಿಲ್ಲ. ಪಕ್ಕದ ಗುಂಪಿಗೆ ಹೆಚ್ಚು ಜಾಗ ಸಿಕ್ಕಿತು ಎಂಬ ಸಿಟ್ಟಿನಲ್ಲಿ ತಟ್ಟನೆ ಇಳಿಯುತ್ತದೆ. ಅಷ್ಟಕ್ಕೇ ನಿಲ್ಲದೆ ಜಾಣ ಮೇಷ್ಟ್ರು ಮತ್ತೊಂದು ಪ್ರಶ್ನೆ ಎಸೆಯುತ್ತಾರೆ: ಮಡಿಯೊಳಗೆ ಕಾಲಿಡದೆ ಚೌಕದ ನಡುವಿನ ಕಳೆ ಕೀಳುವುದು ಹೇಗೆ? ಮಕ್ಕಳ ಕೈ ಅಷ್ಟು ದೂರ ಎಟುಕುವುದಿಲ್ಲ. ಮಡಿ ಉದ್ದವಾಗಿ, ಅಗಲ ಕಮ್ಮಿಯಾಗಿ ಇರುವುದೇಕೆ ಎಂದು ಆಗ ಹೊಳೆಯುತ್ತದೆ. ಲೆಕ್ಕದಲ್ಲಿ ಗೆದ್ದದ್ದು ಚೌಕ, ಕೆಲಸದಲ್ಲಿ ಗೆದ್ದದ್ದು ಉದ್ದನೆಯ ಮಡಿ.

ವಿಜ್ಞಾನಕ್ಕೆ ಶೇಂಗಾದಂಥ ಮೇಷ್ಟ್ರಿಲ್ಲ. ಮುಂಗಾರಿನಲ್ಲಿ ಬಿತ್ತಿದರೆ ತಿಂಗಳೊಳಗೆ ಹಳದಿ ಹೂವು. ಹೂವು ಬಾಡಿದ ಮೇಲೆ ಸೂಜಿಯಂಥ ಎಳೆಯೊಂದು ಕೆಳಮುಖವಾಗಿ ಇಳಿದು ಮಣ್ಣಿಗೆ ಚುಚ್ಚಿಕೊಳ್ಳುತ್ತದೆ. ಕಾಯಿ ಕಟ್ಟುವುದು ಅದರ ತುದಿಯಲ್ಲಿ, ನೆಲದೊಳಗೆ. ಕಡಲೇಕಾಯಿ ಬೇರಿನಲ್ಲಿ ಬಿಡುತ್ತದೆಂದು ನಂಬಿದ ದೊಡ್ಡವರೂ ಬೇಕಾದಷ್ಟಿದ್ದಾರೆ. ಗಿಡವೊಂದನ್ನು ಮಣ್ಣುಸಮೇತ ಕಿತ್ತು ಬಕೆಟ್ ನೀರಿನಲ್ಲಿ ಅದ್ದಿ ತೊಳೆದರೆ ಬೇರಿನ ತುಂಬ ಸಾಸಿವೆಗಿಂತ ತುಸು ದಪ್ಪನೆಯ ಗಂಟುಗಳು. ಒಂದನ್ನು ಉಗುರಿನಲ್ಲಿ ಸೀಳಿ ನೋಡಿ: ಒಳಗೆ ಗುಲಾಬಿ ಬಣ್ಣವಿದ್ದರೆ ಅಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತಿದೆ. ಹಸಿರೋ ಬೂದಿಯೋ ಆಗಿದ್ದರೆ ಅದರ ಕೆಲಸ ಮುಗಿದಿದೆ. ಇದಕ್ಕೆ ಸೂಕ್ಷ್ಮದರ್ಶಕ ಬೇಡ, ಪ್ರಯೋಗಾಲಯದ ಅನುದಾನವೂ ಬೇಡ. ಕರಿಬೇವಿನ ಎಲೆ ತಿಂದುಹಾಕುವ ಹಸಿರು ಹುಳವನ್ನೂ ಹೊಸಕದೆ ಬಿಟ್ಟರೆ ಅದು ಕೋಶ ಕಟ್ಟಿ ಚಿಟ್ಟೆಯಾಗುವುದನ್ನು ಇಡೀ ತರಗತಿ ನೋಡಬಹುದು. ಒಗ್ಗರಣೆಗೆ ನಾಲ್ಕು ಎಸಳು ಕಮ್ಮಿಯಾಗುತ್ತದೆ, ಅಷ್ಟೆ.

‘ಓದೋಕೆ ಕಳಿಸಿದ್ರೆ ಮಣ್ಣು ಹೊರಿಸ್ತಾರೆ’ ಎಂದು ಜಗಳಕ್ಕೆ ಬರುವ ಪಾಲಕರೂ ಇದ್ದಾರೆ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕೆಲಸದ ಮೂಲಕ ಶಿಕ್ಷಣ ಎಂದಾಗ, ಜಾಕಿರ್ ಹುಸೇನ್ ಸಮಿತಿ ಅದಕ್ಕೊಂದು ಪಠ್ಯಕ್ರಮ ರೂಪಿಸಿದಾಗ ಇದೇ ಆಕ್ಷೇಪ ಎದ್ದಿತ್ತು. ಮಕ್ಕಳ ದುಡಿಮೆಯಿಂದ ಶಾಲೆಯ ಖರ್ಚು ತೂಗಿಸುವುದು ಸರಿಯೇ ಎಂದು ಕೇಳಿದವರಿದ್ದರು. ಹೊಲದಲ್ಲಿ ಬೆನ್ನು ಬಗ್ಗಿಸಿ ಸುಸ್ತಾದ ತಾಯಿಗೆ ಮಗಳ ಕೈಯಲ್ಲಿ ಗುದ್ದಲಿ ಕಂಡರೆ ಸಂತೋಷವಾಗುವುದು ಹೇಗೆ? ಇನ್ನೂ ಒಂದು ಮಾತಿದೆ. ಹುಡುಗಿಯರಿಗೆ ಪೊರಕೆ, ಹುಡುಗರಿಗೆ ಪೈಪು, ಗೊಬ್ಬರದ ಗುಂಡಿಗೆ ಮಾತ್ರ ಯಾವಾಗಲೂ ಅದೇ ಕೇರಿಯ ಮಕ್ಕಳು ಎಂದಾದರೆ ಆ ತೋಟ ಊರಿನ ಹಳೇ ಪಾಠವನ್ನೇ ಮತ್ತೆ ಕಲಿಸುತ್ತದೆ. ಪರಿಹಾರ ಸರಳ: ಸರದಿ ಪಟ್ಟಿ ಗೋಡೆಯ ಮೇಲಿರಲಿ, ಅದರಲ್ಲಿ ಮೇಷ್ಟ್ರ ಹೆಸರೂ ಇರಲಿ.

ಅಮೆರಿಕದ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಎಂಬ ಹೋಟೆಲ್ ಒಡತಿ 1995ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಮಾಧ್ಯಮಿಕ ಶಾಲೆಯ ಒಂದು ಎಕರೆ ಜಾಗದಲ್ಲಿ ತೋಟ ಎಬ್ಬಿಸಲು ಹೊರಟಾಗ ಮೊದಲು ಅಲ್ಲಿದ್ದ ಡಾಂಬರು ಕೀಳಿಸಬೇಕಾಯಿತು. ತೋಟದ ಜೊತೆಗೆ ಅಡುಗೆಮನೆಯೂ ತರಗತಿಯಾಗಬೇಕೆಂಬುದು ಆಕೆಯ ಹಟ. ಬೆಳೆದದ್ದನ್ನು ಮಕ್ಕಳೇ ಹೆಚ್ಚಿ, ಬೇಯಿಸಿ, ಒಟ್ಟಿಗೆ ಕೂತು ಉಂಡರು. ‘ಎಡಿಬಲ್ ಸ್ಕೂಲ್‌ಯಾರ್ಡ್’ ಎಂಬ ಆ ಪ್ರಯೋಗ ಲೋಕಪ್ರಸಿದ್ಧವಾಯಿತು. ಅವರು ಪಾಡುಪಟ್ಟು ಕಟ್ಟಿಕೊಂಡ ಅಡುಗೆಮನೆ ನಮ್ಮ ಹಳ್ಳಿ ಶಾಲೆಗಳ ಕಾಂಪೌಂಡಿನೊಳಗೆ ಇಪ್ಪತ್ತು ವರ್ಷದಿಂದ ಇದೆ. ತಾವೇ ನೀರು ಹೊಯ್ದ ಬಸಳೆ ಸಾಂಬಾರಿಗೆ ಬಿದ್ದ ದಿನ, ತಟ್ಟೆಯಂಚಿಗೆ ಸೊಪ್ಪು ಸರಿಸಿಡುವ ಮಕ್ಕಳು ಕಮ್ಮಿ. ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಗುಂಡಿ ಸೇರಿದರೆ ಗೊಬ್ಬರಕ್ಕೂ ದುಡ್ಡು ಕೊಡಬೇಕಿಲ್ಲ.

ನಿಜವಾದ ಕಷ್ಟ ಬೇಸಿಗೆ ರಜೆ. ಏಪ್ರಿಲ್ ಎರಡನೇ ವಾರ ಬಾಗಿಲು ಹಾಕಿದರೆ ಮೇ ಕೊನೆಯವರೆಗೆ ನೀರು ಹಾಕುವವರಿಲ್ಲ. ದನ, ಮೇಕೆ, ಕೆಲವು ಕಡೆ ಮಂಗ. ಅನುಭವಸ್ಥ ಶಿಕ್ಷಕರು ಕ್ಯಾಲೆಂಡರಿಗೆ ತಕ್ಕಂತೆ ಬೆಳೆ ಆರಿಸುತ್ತಾರೆ: ಜೂನ್‌ನಲ್ಲಿ ಮಳೆಯ ಜೊತೆ ಬೆಂಡೆ, ಹೀರೆ, ಕುಂಬಳ, ದಸರಾ ಕಳೆದ ಮೇಲೆ ಮೂಲಂಗಿ, ದಂಟು, ಮೆಂತ್ಯ. ವರ್ಷವಿಡೀ ನಿಲ್ಲುವುದು ನುಗ್ಗೆ, ಕರಿಬೇವು, ಚಕ್ರಮುನಿಯಂಥ ಗಟ್ಟಿಜೀವಗಳು.

ಓದಿದ ಶಾಲೆಗೆ ಏನಾದರೂ ಮಾಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಹೊರಟಾಗ ಸಾಮಾನ್ಯವಾಗಿ ಕೊಡುವುದು ದಾನಿಗಳ ಹೆಸರು ಕೆತ್ತಿದ ಕಮಾನು, ಇಲ್ಲವೇ ರಂಗಮಂದಿರ. ಈ ಸಲ ದನ ನುಗ್ಗದ ಬೇಲಿ, ಒಂದು ನೀರಿನ ಟ್ಯಾಂಕು, ಮಕ್ಕಳ ಕೈಗೊಪ್ಪುವ ಹತ್ತು ಸಣ್ಣ ಗುದ್ದಲಿ ಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತು ನೀರು ಹಾಕುವ ಸರದಿಗೆ ನಿಮ್ಮ ಹೆಸರನ್ನೂ ಬರೆಸಿ.